‘ಲಿನಕ್ಸ್‌ನಲ್ಲೂ ನಡೆಯುತ್ತೆ’ ಅಂತ ಬರೆದುಕೊಡಲಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಟಿಪಿಎಂ 2.0 ಇಲ್ಲದ ಹಳೆಯ ಕಂಪ್ಯೂಟರ್‌ಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ. ಹಾಗಂತ ಗಟ್ಟಿಯಾಗಿರುವ ಯಂತ್ರವನ್ನು ಗುಜರಿಗೆ ಹಾಕಬೇಕೇ? ಬೇಡ, ಲಿನಕ್ಸ್ ಹಾಕಬಹುದು. ಸಿ-ಡ್ಯಾಕ್‌ನವರ ‘ಬಾಸ್’ ನಮ್ಮ ದೇಶದ್ದೇ. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್ ಬಳಸುತ್ತಿವೆ.

ತೊಡಕಿರುವುದು ಬೇರೆ ಕಡೆ. ಸೊಸೈಟಿಯ ಲೆಕ್ಕದ ಸಾಫ್ಟ್‌ವೇರ್, ಹೆಬ್ಬೆಟ್ಟು ಒತ್ತುವ ಯಂತ್ರ ಅದರಲ್ಲಿ ಓಡುತ್ತವೆಯೇ? ‘ಓಡಬಹುದು, ನೋಡಿ’ ಎಂಬ ಮಾತು ನಂಬಿ ರೈತರ ಸಾಲದ ಲೆಕ್ಕ ಒಪ್ಪಿಸಲಾಗದು. ಅದಕ್ಕೇ ಸರ್ಟಿಫಿಕೇಟ್ ಬೇಕು. ಅಂದರೆ, ಇಂಥ ಲಿನಕ್ಸ್‌ನ ಇಂಥ ಆವೃತ್ತಿಯಲ್ಲಿ ಪರೀಕ್ಷಿಸಿದ್ದೇವೆ, ಕೈಕೊಟ್ಟರೆ ಸರಿಪಡಿಸುವ ಹೊಣೆ ನಮ್ಮದು ಎಂದು ಕಂಪನಿಯೇ ಬರೆದುಕೊಡುವುದು. ಒರಾಕಲ್ ತನ್ನ ಡೇಟಾಬೇಸ್‌ಗೆ ರೆಡ್ ಹ್ಯಾಟ್, ಸೂಸೆ ಲಿನಕ್ಸ್‌ಗಳ ಮೇಲೆ ಹೀಗೆ ಖಾತರಿ ಕೊಡುತ್ತದೆ. ದೊಡ್ಡ ಗಿರಾಕಿಗೆ ಸಿಗುವುದು ನಮಗೇಕೆ ಬೇಡ?

ಪ್ರತಿ ಆವೃತ್ತಿಗೂ ಪರೀಕ್ಷೆ ಮಾಡುವುದು ಖರ್ಚಿನ ಬಾಬ್ತು, ನಿಜ. ಆದರೆ ಉಬುಂಟುವಿನ ಎಲ್‌ಟಿಎಸ್ ಆವೃತ್ತಿಗೆ 5 ವರ್ಷ ಬೆಂಬಲವಿದೆ. ಅಂಥದ್ದೊಂದನ್ನು ಗೊತ್ತುಮಾಡಿಕೊಂಡರೆ ಹೊರೆ ಇಳಿಯುತ್ತದೆ.

ಮುಕ್ತ ತಂತ್ರಾಂಶಕ್ಕೆ ಆದ್ಯತೆ ಎಂದು ಕೇಂದ್ರ ಸರ್ಕಾರ 2015ರಲ್ಲೇ ನೀತಿ ಮಾಡಿದೆ. ಸರ್ಕಾರಿ ಟೆಂಡರ್‌ಗಳಲ್ಲಿ ‘ಲಿನಕ್ಸ್ ಸರ್ಟಿಫಿಕೇಟ್ ಕಡ್ಡಾಯ’ ಎಂಬ ಒಂದು ಸಾಲು ಸೇರಲಿ. ನಿಮ್ಮ ಸೊಸೈಟಿ ಹೊಸ ಸಾಫ್ಟ್‌ವೇರ್ ಕೊಳ್ಳುವಾಗ ನೀವೂ ಮಹಾಸಭೆಯಲ್ಲಿ ಎದ್ದು ನಿಂತು ಕೇಳಿ. ಕೊಳ್ಳುವವರು ಕೇಳದೆ ಮಾರುವವರು ಕೊಡುವುದಿಲ್ಲ.