ಜೈಲು ಸೇರಿದವನ ಮೇಲ್ಮನವಿ ಯಾರ ಹೊಣೆ?

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಯುವಕನೊಬ್ಬ ಹೊಡೆದಾಟದ ಪ್ರಕರಣದಲ್ಲಿ ತಪ್ಪಿತಸ್ಥನೆನಿಸಿ, ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡುಗಡೆಯಾದನೆಂದು ಭಾವಿಸೋಣ. ಪ್ರೊಬೇಷನ್ ಅಧಿಕಾರಿಯ ಮುಂದೆ ಹಾಜರಾಗಬೇಕೆಂಬುದು ಷರತ್ತು. ಸುಗ್ಗಿಯ ಕೂಲಿ ಬಿಡಲಾಗದೆ ಒಮ್ಮೆ ತಪ್ಪಿದ. ನ್ಯಾಯಾಲಯ ಮೂಲ ಅಪರಾಧಕ್ಕೆ ಜೈಲು ಶಿಕ್ಷೆ ವಿಧಿಸಿತು. ಮನೆಯವರು ಹಣೆಬರಹವೆನ್ನುತ್ತಾರೆ. ಜಮಾಅತಿನ ಹಿರಿಯರು ‘ಒಳಗಿರಲಿ, ಬುದ್ಧಿ ಬರಲಿ’ ಎನ್ನುತ್ತಾರೆ. ಕಾನೂನಿಗೇ ಇಲ್ಲದ ಕಾಠಿಣ್ಯ ಇವರಿಗೆಲ್ಲಿಂದ ಬಂತು?

1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆಯ 9ನೇ ಕಲಮನ್ನು ಓದಿದವರೆಷ್ಟು ಮಂದಿ? ಷರತ್ತು ಮೊದಲ ಬಾರಿ ಮುರಿದವನಿಗೆ ಗರಿಷ್ಠ 50 ರೂಪಾಯಿ ದಂಡ ವಿಧಿಸಿ, ಮುಚ್ಚಳಿಕೆಯನ್ನು ಮುಂದುವರಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಜೈಲೊಂದೇ ದಾರಿಯಲ್ಲ. ಆ ದಾರಿಯನ್ನು ಪರಿಶೀಲಿಸಲಾಯಿತೇ, ತಪ್ಪಿದ್ದಕ್ಕೆ ಕಾರಣ ಕೇಳಲಾಯಿತೇ ಎಂದು ಸೆಷನ್ಸ್ ನ್ಯಾಯಾಲಯದ ಮುಂದೆ ಪ್ರಶ್ನಿಸಬಹುದು. ಅವಧಿ 30 ದಿನ. ತೀರ್ಪಿನ ಪ್ರತಿಯನ್ನು ಜೈಲು ಶಿಕ್ಷೆಗೊಳಗಾದವನಿಗೆ ಕೂಡಲೇ ಉಚಿತವಾಗಿ ಕೊಡಬೇಕು. ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಜಾಮೀನು ಕೊಡುವಂತೆಯೂ ಕೋರಬಹುದು. ವಕೀಲರಿಲ್ಲದಿದ್ದರೆ ಕೈದಿಯೇ ಜೈಲಿನ ಅಧಿಕಾರಿಯ ಕೈಗೆ ಮನವಿ ಕೊಟ್ಟರೆ ಸಾಕು, ಅದನ್ನು ನ್ಯಾಯಾಲಯಕ್ಕೆ ತಲುಪಿಸುವುದು ಅವರ ಕರ್ತವ್ಯ. ಬಂಧನದಲ್ಲಿರುವವನ ಆದಾಯವನ್ನು ನೋಡದೆ ಉಚಿತ ವಕೀಲರನ್ನು ಒದಗಿಸಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ.

‘ಅಪೀಲು ಹಾಕಿದರೆ ಶಿಕ್ಷೆ ಹೆಚ್ಚಾದೀತು’ ಎಂಬ ಭಯವನ್ನು ನ್ಯಾಯಾಲಯದ ಅಂಗಳದ ದಲ್ಲಾಳಿಗಳು ಹರಡಿದ್ದಾರೆ. ಶಿಕ್ಷೆಗೊಳಗಾದವನು ಮಾತ್ರ ಸಲ್ಲಿಸಿದ ಮೇಲ್ಮನವಿಯಲ್ಲಿ ಶಿಕ್ಷೆಯನ್ನು ಹೆಚ್ಚಿಸುವಂತಿಲ್ಲ.

1978ರಲ್ಲಿ ಹೊಸ್ಕೋಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ತೀರ್ಪಿನ ಪ್ರತಿ ಮತ್ತು ಮೇಲ್ಮನವಿಗೆ ವಕೀಲರ ನೆರವು ಕೈದಿಯ ಹಕ್ಕೆಂದು ಸಾರಿದರು. ಅಲ್ಲಿ ವಿಳಂಬ ಮಾಡಿ ಬಂದವನು ಸಾಮಾನ್ಯನಲ್ಲ, ವಿಶ್ವವಿದ್ಯಾನಿಲಯದ ಅಧ್ಯಾಪಕ! ಕಲಿತವನ ಸ್ಥಿತಿಯೇ ಹೀಗಾದರೆ ಹಮಾಲನ ಗತಿಯೇನು?

ಮದುವೆ ಮಂಟಪಗಳಲ್ಲಿ ಲಕ್ಷಾಂತರ ರೂಪಾಯಿ ಕರಗಿಸುವ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ನಮ್ಮ ಮುಖಂಡರಿಗೆ ಒಂದೇ ಕೋರಿಕೆ. ತೀರ್ಪು ಬಂದ ವಾರದೊಳಗೆ, ಓದುಬಲ್ಲ ಒಬ್ಬ ಯುವಕನನ್ನು ಆ ತಾಯಿಯ ಜೊತೆಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಕಳುಹಿಸಿ. 30 ದಿನ ಮೀರಿದ್ದರೂ ಹೋಗಿ. ವಿಳಂಬಕ್ಕೆ ತಕ್ಕ ಕಾರಣ ತೋರಿಸಿದರೆ ಅದನ್ನು ಮನ್ನಿಸುವ ಅಧಿಕಾರ ನ್ಯಾಯಾಲಯಕ್ಕಿದೆ.