ಕಂತಿನ ಲಾರಿ ಕಾಯೋದಿಲ್ಲ, ಮುದಿ ಲಾರಿ ಕಾಯುತ್ತೆ

ಮಂಡ್ಯದ ಕಡೆ ಹಳೇ ಲಾರಿ ಇಟ್ಟುಕೊಂಡವರ ಬಾಯಲ್ಲಿ ಈಗ ಒಂದೇ ಮಾತು: ಎಫ್.ಸಿ. ಬಸ್ಸಿಗೆ ಕಾದು ನಿಂತವರಿಗೆ ಈ ಎರಡಕ್ಷರದ ಮಹಿಮೆ ಗೊತ್ತಿರಲಿಕ್ಕಿಲ್ಲ. ಲಾರಿ ರಸ್ತೆಗಿಳಿಯಲು ಯೋಗ್ಯವಾಗಿದೆ ಎಂದು ಆರ್.ಟಿ.ಓ. ಆಫೀಸಿನಿಂದ ಪಡೆಯುವ ಚೀಟಿ ಅದು. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಎಂಟು ದಾಟಿದ ಮೇಲೆ ವರ್ಷ ವರ್ಷವೂ ಮಾಡಿಸಬೇಕು. 2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಆಜ್ಞೆ ಈ ಪರೀಕ್ಷೆಯ ಶುಲ್ಕವನ್ನು ಲಾರಿಯ ವಯಸ್ಸಿಗೆ ಗಂಟು ಹಾಕಿತು. ಇಪ್ಪತ್ತು ದಾಟಿದ ಭಾರೀ ಲಾರಿಗೆ 25,000 ರೂಪಾಯಿ. ಮನುಷ್ಯನಿಗೆ ವಯಸ್ಸಾದರೆ ಪಿಂಚಣಿ, ಲಾರಿಗೆ ವಯಸ್ಸಾದರೆ ದಂಡ.

ದಂಡ ಅಲ್ಲ, ಉಪಾಯ ಅನ್ನುತ್ತಾರೆ ತಿಳಿದವರು. 2021ರ ಆಗಸ್ಟ್ 13ರಂದು ಜಾರಿಗೆ ಬಂದ ಗುಜರಿ ನೀತಿಯ ಉದ್ದೇಶವೇ ಅದು. ಹಳೆಯದನ್ನು ಇಟ್ಟುಕೊಳ್ಳುವುದು ದುಬಾರಿಯಾಗಬೇಕು, ಬಿಟ್ಟುಕೊಡುವುದು ಲಾಭವಾಗಬೇಕು. ಗುಜರಿಗೆ ಹಾಕಿದರೆ ಹೊಸ ಲಾರಿಯ ಬೆಲೆಯ ನೂರಕ್ಕೆ ನಾಲ್ಕರಿಂದ ಆರರಷ್ಟು ಸಿಗುತ್ತದೆ ಎಂದು ಆ ನೀತಿ ಅಂದಾಜು ಮಾಡಿತ್ತು. ಕಂಪನಿಯವರು ನೂರಕ್ಕೆ ಐದು ಬಿಡಲಿ ಎಂದು ಸಲಹೆ ಬೇರೆ. 25 ಲಕ್ಷದ ಹೊಸ ಲಾರಿ ಅಂತಿಟ್ಟುಕೊಳ್ಳಿ. ಗುಜರಿಯಿಂದ ಒಂದರಿಂದ ಒಂದೂವರೆ ಲಕ್ಷ, ಕಂಪನಿ ಕೃಪೆ ಮಾಡಿದರೆ ಒಂದೂಕಾಲು ಲಕ್ಷ. ಉಳಿದ ಇಪ್ಪತ್ತೆರಡು ಲಕ್ಷವನ್ನು ಯಾವ ಕೆರೆ ತೋಡಿ ತರೋದು ಸ್ವಾಮಿ?

ಈ ಲೆಕ್ಕ ಟೀ ಅಂಗಡಿ ಬೆಂಚಿನ ಮೇಲೆ ಶುರುವಾದರೆ ಅಲ್ಲಿಗೇ ನಿಲ್ಲೋದಿಲ್ಲ, ಮೂತಿ ಲಾರಿಯ ಕಾಲಕ್ಕೆ ಹೋಗಿಬಿಡುತ್ತದೆ. ಲಾರಿ ಹುಚ್ಚು ಹಿಡಿದವರು ಪ್ರತಿ ಊರಲ್ಲೂ ನಾಲ್ಕು ಜನ ಇರುತ್ತಾರೆ. ಒಬ್ಬ ರಿಟೈರಾದ ಡ್ರೈವರು, ಒಬ್ಬ ಮೆಕ್ಯಾನಿಕ್ಕು, ಒಬ್ಬ ಒಂಟಿ ಲಾರಿಯ ಯಜಮಾನ, ಮತ್ತೊಬ್ಬ ಯಾವತ್ತೂ ಸ್ಟೇರಿಂಗ್ ಹಿಡಿಯದಿದ್ದರೂ ಎಲ್ಲ ಗೊತ್ತಿರುವ ಅಂಗಡಿಯವ. "ಬೆಂಜ್ ಗಾಡಿ ಅಂದ್ರೆ ಅದು ಕಣಣ್ಣ, ಕಬ್ಬಿಣ ಅಂದ್ರೆ ಕಬ್ಬಿಣ" ಅಂತ ಒಬ್ಬ. "ಲೈಲ್ಯಾಂಡ್ ಸದ್ದು ಕೇಳಿದ್ದೀಯೇನ್ಲಾ, ಎಳೆತ ಅಂದ್ರೆ ಅದು ಬುಡು" ಅಂತ ಇನ್ನೊಬ್ಬ. ಕಾಂಗ್ರೆಸ್ಸು ದಳದ ಜಗಳವಾದರೂ ಚುನಾವಣೆಗೊಮ್ಮೆ ಮುಗಿಯುತ್ತದೆ, ಇದು ಮುಗಿಯೋದಲ್ಲ.

ಅವರ ಮಾತಲ್ಲಿ ಚರಿತ್ರೆಯೂ ಉಂಟು. ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡಲು ತೊಡಗಿದ್ದು 1954ರಲ್ಲಿ. 1969ರಲ್ಲಿ ಆ ಸಂಬಂಧ ಮುಗಿಯಿತು, ಮೂತಿಯ ಮೇಲಿನ ಮೂರು ಮೊನೆಯ ನಕ್ಷತ್ರ ಹೋಯಿತು. ನಮ್ಮ ಜನ ಮಾತ್ರ ಬೆಂಜ್ ಲಾರಿ ಅನ್ನೋದನ್ನು ಬಿಡಲಿಲ್ಲ. ಮದರಾಸಿನ ಎಣ್ಣೂರಿನ ಅಶೋಕ್ ಮೋಟಾರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಬೊಂಬಾಯಿಯ ಪ್ರೀಮಿಯರ್‌ನವರ ಫಾರ್ಗೋ, ಡಾಡ್ಜ್, ಹಿಂದುಸ್ತಾನ್ ಮೋಟಾರ್ಸ್‌ನ ಬೆಡ್‌ಫರ್ಡ್ ಈಗ ಹೆಸರಿಗೆ ಮಾತ್ರ. ಟಾಟಾದ 1210 ಅಂದರೆ ಏನೆಂದು ಆ ಬೆಂಚಿನವರನ್ನೇ ಕೇಳಬೇಕು: ಮೊದಲ ಎರಡಂಕಿ ಲೋಡು ಸೇರಿ ಎಷ್ಟು ಟನ್ ಅಂತ, ಕೊನೆಯ ಎರಡನ್ನು ಹತ್ತರಿಂದ ಗುಣಿಸಿದರೆ ಹೆಚ್ಚುಕಮ್ಮಿ ಕುದುರೆ ಬಲ. ಹನ್ನೆರಡು ಟನ್, ನೂರು ಕುದುರೆ. 1986ರ ಸುಮಾರಿಗೆ ಐಷರ್‌ನವರು ಜಪಾನಿನ ಮಿತ್ಸುಬಿಷಿಯವರ ಕ್ಯಾಂಟರ್ ತಂದರು. ನಮ್ಮಲ್ಲಿ ಅದು ಒಂದು ಕಂಪನಿಯ ಮಾಲು ಅನ್ನೋದೇ ಮರೆತುಹೋಗಿ, ಯಾವ ಕಂಪನಿಯ ಸಣ್ಣ ಲಾರಿ ಬಂದರೂ ಕ್ಯಾಂಟರ್ ಅಂತಲೇ ಕರೆಯುತ್ತೇವೆ.

ಒಂದು ಮಾತು ಹೇಳಿಬಿಡಬೇಕು. ಹಳೇ ಲಾರಿಯ ಮೇಲೆ ಪ್ರೀತಿ ತೋರಿಸುವವರಲ್ಲಿ ಎರಡು ಜಾತಿ. ನೋಡಿ ಸುಖಪಟ್ಟವರು ಒಂದು, ಓಡಿಸಿ ಬೆನ್ನು ಕಳೆದುಕೊಂಡವರು ಇನ್ನೊಂದು. ಪವರ್ ಸ್ಟೇರಿಂಗ್ ಇಲ್ಲ, ಎಂಜಿನ್ ಶಾಖಕ್ಕೆ ಮೊಣಕಾಲು ಬೇಯುತ್ತಿತ್ತು, ಮರದ ಹಲಗೆಯೇ ಹಾಸಿಗೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್ನಿಗೆ ಏ.ಸಿ. ಇರಲೇಬೇಕೆಂದು ಸರ್ಕಾರ ವಿಧಿಸಿತು. ಇದು ಒಳ್ಳೆಯ ಕೆಲಸ. ಡ್ರೈವರೂ ಮನುಷ್ಯನೇ ಅಂತ ಎಪ್ಪತ್ತು ವರ್ಷದ ಮೇಲಾದರೂ ಯಾರಿಗೋ ಹೊಳೆಯಿತಲ್ಲ.

ಹಾಗಾದರೆ ಮುದಿ ಲಾರಿ ಇನ್ನೂ ಯಾಕೆ ಬೇಕು? ಪ್ರೀತಿಗಲ್ಲ. ಕಬ್ಬಿಗೆ.

ಒಂದು ಲಾರಿಯ ಆಯುಸ್ಸು ನೋಡಿ. ಮೊದಲ ಯಜಮಾನನ ಕೈಯಲ್ಲಿ ಬೊಂಬಾಯಿ, ದಿಲ್ಲಿ ಸುತ್ತುತ್ತದೆ. ಎರಡನೆಯವನ ಹತ್ತಿರ ಬೆಂಗಳೂರು, ಸೇಲಂ. ಮೂರನೆಯವನ ಕೈಗೆ ಬರುವಷ್ಟರಲ್ಲಿ ಬಣ್ಣ ಮಾಸಿ, ಕ್ಯಾಬಿನ್ನಿಗೆ ನಾಲ್ಕು ಸಲ ಟಿಂಕರಿಂಗ್ ಆಗಿ, ನಮ್ಮ ಮದ್ದೂರು, ಪಾಂಡವಪುರ, ಮಳವಳ್ಳಿಯ ಯಾವುದಾದರೂ ಹಳ್ಳಿಗೆ ಬಂದು ಸೇರುತ್ತದೆ. ದೂರದ ಗಾಡಿ ಎಳೆದು ದಣಿದ ಎತ್ತನ್ನು ಹಿಂದೆ ಆಲೆಮನೆಯ ಗಾಣಕ್ಕೆ ಕಟ್ಟುತ್ತಿದ್ದರಲ್ಲ, ಹಾಗೆ. ಇಲ್ಲಿ ಅದಕ್ಕೆ ಸಿಗೋದು ಕಬ್ಬು, ಇಟ್ಟಿಗೆ, ಭತ್ತದ ಹುಲ್ಲು, ತೆಂಗಿನಕಾಯಿ, ಆಲೆಮನೆಯಿಂದ ಮಂಡಿಗೆ ಹೋಗುವ ಬೆಲ್ಲ. ಎಲ್ಲವೂ ಹತ್ತು, ಇಪ್ಪತ್ತು, ಮೂವತ್ತು ಕಿಲೋಮೀಟರಿನ ಬಾಡಿಗೆ.

ಈ ಬಾಡಿಗೆಯ ಗುಟ್ಟು ಓಡುವುದರಲ್ಲಿಲ್ಲ, ಕಾಯುವುದರಲ್ಲಿದೆ. ಕಟಾವಿನ ಗ್ಯಾಂಗು ಬರುವ ತನಕ ಗದ್ದೆ ಬದಿಯಲ್ಲಿ ಕಾಯಬೇಕು. ಕಬ್ಬು ತುಂಬಿದ ಮೇಲೆ ಕಾರ್ಖಾನೆಯ ಯಾರ್ಡಿನಲ್ಲಿ ಸರದಿ ಕಾಯಬೇಕು. ಗಾಣ ಕೆಟ್ಟು ಅರೆಯುವುದು ನಿಂತರೆ ಸರದಿ ನಾಳೆಗೆ, ನಾಡಿದ್ದಿಗೆ. ಕಡಿದ ಕಬ್ಬು ಬಿಸಿಲಿಗೆ ಒಣಗುತ್ತದೆ, ತೂಕ ಇಳಿಯುತ್ತದೆ, ಸಕ್ಕರೆ ಇಳಿಯುತ್ತದೆ. ಅದು ರೈತನ ನಷ್ಟ. ನಿಂತ ಲಾರಿ ದುಡಿಯೋದಿಲ್ಲ. ಅದು ಯಜಮಾನನ ನಷ್ಟ. ಹೊಸ ಲಾರಿಯಾದರೆ ಈ ನಷ್ಟ ಎಷ್ಟು? ಇಪ್ಪತ್ತು ಲಕ್ಷ ಸಾಲ, ನೂರಕ್ಕೆ ಹತ್ತು ಬಡ್ಡಿ, ಐದು ವರ್ಷದ ಕಂತು ಅಂದರೆ ತಿಂಗಳಿಗೆ 42,500 ರೂಪಾಯಿಯ ಹತ್ತಿರ. ದಿನಕ್ಕೆ 1,400. ಎರಡು ದಿನ ಯಾರ್ಡಿನಲ್ಲಿ ನಿಂತರೆ 2,800 ರೂಪಾಯಿ ಫೈನಾನ್ಸಿನವನ ಪಾಲು, ಡೀಸೆಲ್ಲು ಡ್ರೈವರ್ ಬತ್ತ ಬೇರೆ. ಅಂಥ ಲಾರಿ ಕಬ್ಬಿಗೆ ಬರೋದಿಲ್ಲ. ಬಂದರೂ ಬಾಡಿಗೆ ಜಾಸ್ತಿ ಕೇಳುತ್ತದೆ. ಸಾಲ ತೀರಿದ ಮುದಿ ಲಾರಿಗೆ ಈ ತಲೆನೋವಿಲ್ಲ. ಡ್ರೈವರು ಅದರ ನೆರಳಲ್ಲೇ ಟವೆಲ್ ಹಾಸಿ ಮಲಗುತ್ತಾನೆ. 1933ರಲ್ಲಿ ಹುಟ್ಟಿದ ಮೈಷುಗರ್ ಕಾರ್ಖಾನೆ ಕೆಲವು ವರ್ಷ ಬಾಗಿಲು ಹಾಕಿ 2022ರಲ್ಲಿ ಮತ್ತೆ ಅರೆಯಲು ಶುರುಮಾಡಿದಾಗಲೂ, ಕಬ್ಬು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೊತ್ತದ್ದರಲ್ಲಿ ಇಂಥವುಗಳ ಪಾಲು ಸಣ್ಣದಲ್ಲ.

ರಿಪೇರಿಯ ಮಾತೂ ಹಾಗೆಯೇ. ಹಳೇ ಲಾರಿ ಕೆಟ್ಟರೆ ಹುಣಸೆ ಮರದ ಕೆಳಗೆ ಸ್ಪ್ಯಾನರ್ ಹಿಡಿದು ಕೂತರೆ ಸಂಜೆಗೆ ಎದ್ದು ನಿಲ್ಲುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್. ಆರು ಲಾರಿಗಳಲ್ಲಿ ಸೆನ್ಸರುಗಳು, ಹೊಗೆ ತೊಳೆಯಲು ಯೂರಿಯಾ ನೀರು. "ಪೈರಿಗೇ ಯೂರಿಯಾ ಸಿಕ್ತಿಲ್ಲ, ಲಾರಿಗೂ ಹಾಕ್ಬೇಕಂತೆ ಕಣಪ್ಪ" ಎಂದು ಬೆಂಚಿನವರು ನಗುತ್ತಾರೆ. ನಗಲಿ. ಆ ಯೂರಿಯಾ ನೀರಿನಿಂದಲೇ ಹೊಸ ಲಾರಿಯ ಹಿಂದೆ ಸ್ಕೂಟರಿನಲ್ಲಿ ಹೋಗುವವನ ಎದೆ ಸ್ವಲ್ಪ ಹಗುರ. ಮುದಿ ಲಾರಿಯ ಹಿಂದೆ ಹೋದವನ ಬಿಳಿ ಅಂಗಿ ಮನೆಗೆ ಬರುವಾಗ ಯಾವ ಬಣ್ಣ ಅಂತ ಮನೆಯಾಕೆಯನ್ನು ಕೇಳಿ.

ಈಗ ಶುಲ್ಕಕ್ಕೆ ಬರೋಣ. 25,000ವನ್ನು 365ರಿಂದ ಭಾಗಿಸಿದರೆ ದಿನಕ್ಕೆ 68 ರೂಪಾಯಿ ಚಿಲ್ಲರೆ. ಇಷ್ಟಕ್ಕೆ ಗೋಳಾಡೋದೇ ಎಂದು ದೊಡ್ಡವರು ಕೇಳಬಹುದು. ಕಂತಿನ ಪಕ್ಕ ಇಟ್ಟರೆ ಅದು ಹುಲ್ಲುಕಡ್ಡಿಯೇ ಸರಿ. ಆದರೆ ಹಳ್ಳಿ ಲಾರಿ 365 ದಿನ ಓಡುವುದಿಲ್ಲವಲ್ಲ. ಜೊತೆಗೆ ವಿಮೆ: 2022ರ ಜೂನ್‌ನಲ್ಲಿ ನಿಗದಿಯಾದ ದರದ ಪ್ರಕಾರ 12ರಿಂದ 20 ಟನ್ನಿನ ಲಾರಿಗೆ ಥರ್ಡ್ ಪಾರ್ಟಿ ವಿಮೆಯೊಂದೇ 35,313 ರೂಪಾಯಿ, ತೆರಿಗೆ ಬೇರೆ. ದಿಲ್ಲಿಗೆ ಓಡುವ ಲಾರಿಗೂ ಅಷ್ಟೇ, ಕೀಲಾರದಿಂದ ಮಂಡ್ಯಕ್ಕೆ ಬರುವ ಲಾರಿಗೂ ಅಷ್ಟೇ. ಎರಡೂ ಸೇರಿ ಅರವತ್ತು ಸಾವಿರ ದಾಟಿತು. ಬ್ರೇಕ್ ಇನ್‌ಸ್ಪೆಕ್ಟರ ಮುಂದೆ ನಿಲ್ಲಿಸುವ ಮುಂಚೆ ಟೈರು, ಬಣ್ಣ, ಲೈಟು, ಕಮಾನು ಪಟ್ಟಿ ಅಂತ ಇನ್ನಷ್ಟು. ಇದೆಲ್ಲ ಒಂದೇ ಸಲ, ಕಬ್ಬಿನ ಒಂದು ಟ್ರಿಪ್ಪೂ ಹೊಡೆಯುವ ಮೊದಲೇ ಕೈಯಿಂದ ಹೋಗಬೇಕು. ಕೊಡೋದು ವರ್ಷದ ಲೆಕ್ಕ, ದುಡಿಯೋದು ಟ್ರಿಪ್ಪಿನ ಲೆಕ್ಕ. ಸಂಕಟ ಇರುವುದು ಈ ಎರಡು ಲೆಕ್ಕದ ನಡುವೆ. ಅದರ ಮೇಲೆ 2025ರ ಏಪ್ರಿಲ್ 1ರಿಂದ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ನೂರಕ್ಕೆ 21.17ಕ್ಕೆ ಏರಿಸಿತು, ಲೀಟರಿಗೆ ಎರಡು ರೂಪಾಯಿ. ಆ ತಿಂಗಳ ಮಧ್ಯದಲ್ಲಿ ಲಾರಿಗಳು ಮುಷ್ಕರ ಹೂಡಿದ್ದು ಪೇಟೆಯ ಅಂಗಡಿಯವರಿಗೆ ಮರೆತಿರಲಾರದು.

ಲಾರಿ ಹೋದರೆ ಕಬ್ಬು ಗದ್ದೆಯಲ್ಲೇ ಉಳಿಯುತ್ತದೆಯೇ? ಇಲ್ಲ. ಟ್ರಾಕ್ಟರಿಗೆ ಹತ್ತುತ್ತದೆ. ನಿಜವಾದ ತಮಾಷೆ ಇಲ್ಲಿದೆ. ಕೃಷಿ ಟ್ರಾಕ್ಟರು ಕಾನೂನಿನ ಕಣ್ಣಲ್ಲಿ ಸಾರಿಗೆ ವಾಹನವೇ ಅಲ್ಲ. ಅದಕ್ಕೆ ಲಾರಿಯ ಹಾಗೆ ವರ್ಷ ವರ್ಷ ಎಫ್.ಸಿ. ಇಲ್ಲ. ಒಂದಕ್ಕೊಂದು ಕೊಂಡಿ ಹಾಕಿದ ಎರಡು ಟ್ರೈಲರ್, ಎರಡರ ಮೇಲೂ ಆಕಾಶದೆತ್ತರ ಕಬ್ಬು, ಹಿಂದೆ ಕೆಂಪು ದೀಪವಿಲ್ಲ, ಟ್ರೈಲರಿಗೆ ಬ್ರೇಕ್ ಇದ್ದರೆ ಅದು ಪುಣ್ಯ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಆ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ ಜೊತೆ ಟ್ರಾಕ್ಟರಿಗೂ ಪ್ರವೇಶ ನಿಷೇಧಿಸಿದರು. ಅಲ್ಲಿಗೆ ಟ್ರಾಕ್ಟರು ಬಂದದ್ದು ಎಲ್ಲಿಗೆ? ಸರ್ವೀಸ್ ರಸ್ತೆಗೆ, ಹಳ್ಳಿ ರಸ್ತೆಗೆ. ಅಂದರೆ ನಮ್ಮ ನಿಮ್ಮ ಬಸ್ಸು, ಶಾಲೆ ಮಕ್ಕಳ ಸೈಕಲ್ಲು ಓಡಾಡುವ ಕಡೆಗೆ. ಪರೀಕ್ಷೆಗೆ ಒಳಪಡುವ ಗಾಡಿಯನ್ನು ದುಬಾರಿ ಮಾಡಿ, ಪರೀಕ್ಷೆಯೇ ಇಲ್ಲದ ಗಾಡಿಗೆ ಆ ಲೋಡನ್ನು ದಾಟಿಸಿದರೆ ರಸ್ತೆಗೆ ಕ್ಷೇಮವೇ? ರಾತ್ರಿ ಕೊನೇ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ಬಂದವರು ಉತ್ತರ ಹೇಳಲಿ.

ಆ ಹೆದ್ದಾರಿ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಪಕ್ಕಕ್ಕೆ ಬಿಟ್ಟು ಹೋದ ಮೇಲೆ ಪೇಟೆಯ ಹೋಟೆಲು, ಪಂಕ್ಚರ್ ಅಂಗಡಿ, ಆಟೋಮೊಬೈಲ್ ಅಂಗಡಿಗಳಿಗೆ ದೂರದ ಲಾರಿಯ ವ್ಯಾಪಾರ ತಪ್ಪಿತು. ದೂರದ ಲಾರಿ ಈಗ ಊರೊಳಗೆ ಇಣುಕುವುದೂ ಇಲ್ಲ. ಇನ್ನೂ ಬಂದು ಟೀ ಕುಡಿದು, ಟ್ಯೂಬಿಗೆ ಪ್ಯಾಚ್ ಹಾಕಿಸಿ, ಒಂದು ಬೇರಿಂಗು ಸಾಲ ಹೇಳಿ ಹೋಗುವುದು ಊರಿನ ಮುದಿ ಲಾರಿಯೇ. ಅದರ ಸಾಲದ ಪುಸ್ತಕ ಇಟ್ಟುಕೊಂಡ ಅಂಗಡಿಯವರಿಗೆ ಈ ಎಫ್.ಸಿ. ಸಂಗತಿ ಪರರ ಸಂಗತಿಯಲ್ಲ.

ಮುದಿ ಲಾರಿಗಳನ್ನೆಲ್ಲ ಹಾಗೇ ಬಿಟ್ಟುಬಿಡಿ ಎಂದು ಈ ಅಂಕಣ ಹೇಳುತ್ತಿಲ್ಲ. ಬ್ರೇಕ್ ಹಿಡಿಯದ ಗಾಡಿ ಗುಜರಿಗೇ ಹೋಗಲಿ, ಅದಕ್ಕೆ ಐದು ವರ್ಷವಾಗಿರಲಿ ಐವತ್ತಾಗಿರಲಿ. ಮಿಷನ್ನಿನಲ್ಲೇ ಪರೀಕ್ಷೆ ಮಾಡುವ ಕೇಂದ್ರಗಳು ಇದಕ್ಕೆ ಒಳ್ಳೆಯವು. ಚಕ್ರವನ್ನು ಉರುಳೆಯ ಮೇಲೆ ತಿರುಗಿಸಿ ಬ್ರೇಕ್ ಅಳೆಯುವ ಮಿಷನ್ನಿಗೆ ಟೀ ಕುಡಿಸಿ ಮಾತಾಡಿಸಲು ಬರೋದಿಲ್ಲ. ಪರೀಕ್ಷೆ ಎಷ್ಟು ಬೇಕಾದರೂ ಕಠಿಣವಾಗಲಿ. ಶುಲ್ಕ ಮಾತ್ರ ಹುಟ್ಟಿದ ವರ್ಷ ನೋಡಿ ಯಾಕೆ? ಪರೀಕ್ಷೆ ಮಾಡುವ ಖರ್ಚು ಹೊಸ ಲಾರಿಗೂ ಹಳೆಯದಕ್ಕೂ ಒಂದೇ ತಾನೇ? ಜಿಲ್ಲೆಯೊಳಗೇ ಓಡುವ ಹಂಗಾಮಿನ ಲಾರಿಗೆ ಶುಲ್ಕವನ್ನು ಎರಡು ಕಂತು ಮಾಡಿ, ಒಂದನ್ನು ಕಬ್ಬಿನ ಬಾಡಿಗೆ ಕೈಗೆ ಬಂದ ಮೇಲೆ ಕಟ್ಟಿಸಿಕೊಂಡರೆ ಖಜಾನೆ ಮುಳುಗುವುದಿಲ್ಲ. ಇನ್ನು ಸಕ್ಕರೆ ಕಾರ್ಖಾನೆಯವರು. ಸರದಿ ಚೀಟಿಯನ್ನು ಗಂಟೆ ಹಾಕಿ ಕೊಟ್ಟು, ಕರೆದಾಗ ಮಾತ್ರ ಕಟಾವು ಮಾಡಿಸಿದರೆ ಯಾರ್ಡಿನ ಸಾಲು ಕರಗುತ್ತದೆ. ಸಾಲು ಕರಗಿದರೆ ಹೊಸ ಲಾರಿಗಳೂ ಕಬ್ಬಿಗೆ ಬಂದಾವು, ಆಗ ಹಳೆಯವು ಯಾರ ಅಪ್ಪಣೆಯೂ ಇಲ್ಲದೆ ತಾವಾಗಿಯೇ ಹಿಂದೆ ಸರಿದಾವು. ಕಾರ್ಖಾನೆ ಬಾಗಿಲಲ್ಲಿ ಪ್ರತಿ ಟ್ರೈಲರಿನ ಹಿಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸದೆ ತೂಕದ ಚೀಟಿ ಕೊಡಬಾರದು ಎಂದು ಜಿಲ್ಲಾಧಿಕಾರಿಗಳು ಒಂದು ಸಾಲು ಬರೆದರೆ ಸಾಕು. ಅದಕ್ಕೆ ದಿಲ್ಲಿಯ ಆಜ್ಞೆ ಬೇಕಿಲ್ಲ, ಒಂದು ಸುರುಳಿ ಟೇಪು ಬೇಕು.