ಗೋಲ್ಯಾದ್ಕಿನ್ ಮತ್ತು ಎರಡು ಕೆಜಿಎಫ್

ರಷ್ಯನ್ ಕಥನದ ‘ಪ್ರತಿರೂಪ’ ಎಂದ ಕೂಡಲೇ ನಮ್ಮ ವಿಮರ್ಶೆ ಒಡೆದ ಮನಸ್ಸು, ಹುಚ್ಚು ಎಂದು ಶುರುಮಾಡುತ್ತದೆ. ದಾಸ್ತೊಯೆವ್‌ಸ್ಕಿ 1846ರಲ್ಲಿ ಪ್ರಕಟಿಸಿದ ‘ದಿ ಡಬಲ್’ನಲ್ಲಿ ಹುಚ್ಚು ಇರುವುದು ನಿಜ, ಅದಕ್ಕೂ ಮೊದಲು ಅಲ್ಲೊಂದು ಕಚೇರಿ ಇದೆ. ಕಥಾನಾಯಕ ಗೋಲ್ಯಾದ್ಕಿನ್ 14 ದರ್ಜೆಗಳ ನೌಕರಶಾಹಿಯಲ್ಲಿ ಒಂಬತ್ತನೆಯ ದರ್ಜೆಯವನು. ದೊಡ್ಡವರ ಮನೆಯ ಔತಣದಿಂದ ಕತ್ತು ಹಿಡಿದು ನೂಕಿಸಿಕೊಂಡ ರಾತ್ರಿಯೇ ಅವನಿಗೆ ತನ್ನಂಥವನೇ ಎದುರಾಗುತ್ತಾನೆ. ಮರುದಿನ ಅದೇ ಹೆಸರಿನ ಆ ಆಸಾಮಿ ಎದುರಿನ ಮೇಜಿಗೇ ಕೆಲಸಕ್ಕೆ ಬಂದು ಕೂತರೂ ಸಹೋದ್ಯೋಗಿಗಳು ಬೆಚ್ಚುವುದಿಲ್ಲ. ಈ ನಕಲಿಯವನು ಅಸಲಿಯವನ ಕಾಗದವನ್ನು ಅವನ ಕೈಯಿಂದಲೇ ಕಸಿದು ಸಾಹೇಬರ ಮುಂದಿಟ್ಟು ಶಭಾಷ್‌ಗಿರಿ ಗಿಟ್ಟಿಸುತ್ತಾನೆ. ಕೊನೆಗೆ ಗಾಡಿ ಹತ್ತಿಸಿ ಸಾಗಹಾಕುವುದು ಅಸಲಿಯವನನ್ನೇ. ಚುರುಕಾದ ನಕಲು ಸಿಕ್ಕ ಮೇಲೆ ಮೂಲದವನು ಯಾರಿಗೂ ಬೇಡವಾದ ಕಥೆ ಇದು.

ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ ಆಗಿರುವುದೂ ಇದೇ. 2018ರಲ್ಲಿ ಆ ಹೆಸರಿನ ಸಿನಿಮಾ ಬಂದಂದಿನಿಂದ ‘ಕೆಜಿಎಫ್’ ಎಂದರೆ ದೇಶಕ್ಕೆಲ್ಲ ನೆನಪಾಗುವುದು ನಾರಾಚಿ ಎಂಬ ಕಲ್ಪಿತ ಊರು, ಅಲ್ಲಿನ ಗುಲಾಮರು ಮತ್ತು ಅವರನ್ನು ಬಿಡಿಸಲು ಬಂದ ರಾಕಿ. ನಿಜವಾದ ಗಣಿಯನ್ನು 1880ರಿಂದ ನಡೆಸಿದ್ದು ಜಾನ್ ಟೇಲರ್ ಕಂಪನಿ. 1956ರಲ್ಲಿ ಅದು ಮೈಸೂರು ಸರ್ಕಾರದ ಕೈಗೆ ಬಂತು, 1962ರಲ್ಲಿ ಕೇಂದ್ರಕ್ಕೆ ಹೋಯಿತು. ಸಿನಿಮಾದ ರಾಕಿ ನಾರಾಚಿಗೆ ಕಾಲಿಡುವ ಹೊತ್ತಿಗೆ ಇಲ್ಲಿ ಇದ್ದದ್ದು ಬಿಜಿಎಂಎಲ್ ಎಂಬ ಸರ್ಕಾರಿ ಸಂಸ್ಥೆ. ಅದಕ್ಕೂ ಬಹಳ ಮೊದಲು, 1930ರಲ್ಲೇ, ಇಲ್ಲಿನ ಕಾರ್ಮಿಕರು ತಮ್ಮ ಬೆರಳಚ್ಚು ದಾಖಲಿಸಿಕೊಳ್ಳುವ ಕಂಪನಿಯ ಕ್ರಮವನ್ನು ವಿರೋಧಿಸಿ ಮುಷ್ಕರ ಹೂಡಿದ್ದರು. ಆರ್ಕಾಟಿನ ಕಡೆಯಿಂದ ಬಂದು ಕೂಲಿ ಲೈನುಗಳ ತಟ್ಟಿಮನೆಗಳಲ್ಲಿ ಬಾಳಿದ, ಬಹುಪಾಲು ದಲಿತರಾದ ಆ ತಮಿಳರು ಯಾವ ನಾಯಕನ ಆಗಮನಕ್ಕೂ ಕಾದು ಕೂತಿರಲಿಲ್ಲ. ಅವರದೇ ಊರಿನ ಸೈನೈಡ್ ದಿಬ್ಬದ ಮೇಲೆ ಸೆಟ್ ಹಾಕಿ ಚಿತ್ರಿಸಿದ ಕಥೆಯಲ್ಲಿ ಅವರ ಮುಷ್ಕರಕ್ಕೆ ಜಾಗವಿಲ್ಲ.

ಸಿನಿಮಾ ಇತಿಹಾಸ ಎಂದು ಯಾರು ಹೇಳಿದರು ಎಂದು ಕೇಳಬಹುದು. ಯಾರೂ ಹೇಳಿಲ್ಲ, ನಿರ್ದೇಶಕ ಪ್ರಶಾಂತ್ ನೀಲ್ ಮೇಲೆ ಸುಳ್ಳಿನ ಆರೋಪ ಹೊರಿಸುವುದು ಅರಸಿಕತನ. ಹೊರಗಿನವರು ಹೊಸ ಕೆಜಿಎಫ್ ಅನ್ನು ಹಳೆಯದರ ಕುರ್ಚಿಯಲ್ಲಿ ಕೂರಿಸಿ ನೆಮ್ಮದಿಯಾಗಿರುವುದಷ್ಟೇ ನನ್ನ ತಕರಾರು. ಒಬ್ಬನ ಮನೋವಿಕಾರದ ಕಥೆಯನ್ನು ಊರಿಗೆ ಅಂಟಿಸಬಹುದೇ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಅದಕ್ಕೆ ಉತ್ತರ ದಾಸ್ತೊಯೆವ್‌ಸ್ಕಿಯೇ ಕೊಟ್ಟಿದ್ದಾನೆ: 1866ರ ಪರಿಷ್ಕರಣೆಯಲ್ಲಿ ಅವನು ಕೃತಿಗೆ ಸೇರಿಸಿದ ಉಪಶೀರ್ಷಿಕೆಯಲ್ಲಿ ಪೀಟರ್ಸ್‌ಬರ್ಗಿನ ಹೆಸರಿದೆ. ಊರಿಗೆ ಹೆಸರು ಬಂತಲ್ಲ, ಸಾಲದೇ ಎಂಬ ಮಾತೂ ಇದೆ. ಹೆಸರು ಬಂತು. ಆದರೆ 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂ, ಊರಗಾಂ ನಿಲ್ದಾಣಗಳಲ್ಲಿ ರೈಲು ಹತ್ತಿ ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲು ಹೋಗುವವರ ಪಾಡು ಅದರಿಂದ ಬದಲಾಗಲಿಲ್ಲ. ಗೋಲ್ಯಾದ್ಕಿನ್‌ಗೆ ತಾನೇ ಅಸಲಿ ಎನ್ನಲು ಒಬ್ಬ ಸಾಕ್ಷಿಯೂ ಸಿಗಲಿಲ್ಲ. ಇಲ್ಲಿ ಭೂಗರ್ಭಕ್ಕಿಳಿದು ದುಡಿದವರು ಇನ್ನೂ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳಲ್ಲಿದ್ದಾರೆ. ಅವರ ಮಾತನ್ನು ತಮಿಳಿನಲ್ಲೇ ದಾಖಲಿಸಿ ಕನ್ನಡಕ್ಕೆ ತರುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬೇಕು.